‘ನಾಟ್ ಇನಿಶಿಯಲೈಸ್ಡ್’ ಎಂದ 4 ಟಿಬಿ ಡಿಸ್ಕ್: ದಾವಣಗೆರೆಯ ಸ್ಟುಡಿಯೋ ಒಂದರ ಪ್ರಕರಣ

ದಾವಣಗೆರೆಯಲ್ಲಿ ಮದುವೆ ಫೋಟೋ, ವಿಡಿಯೋ ಮಾಡುವ ಸ್ಟುಡಿಯೋ ಒಂದರ 4 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ನಮ್ಮ ಸರ್ವಿಸ್ ಟೇಬಲ್ಲಿಗೆ ಬಂದಾಗ ಅದರ ಜೊತೆ ಬಂದ ದೂರು ಒಂದೇ ಸಾಲಿನದು: ವಿಂಡೋಸ್ ‘ಇನಿಶಿಯಲೈಸ್ ಮಾಡಿ’ ಅಂತ ಕೇಳುತ್ತೆ, ಮಾಡೋಕೆ ಹೋದರೆ ಆಗಲ್ಲ. ಇನಿಶಿಯಲೈಸ್ ಅಂದರೆ ಡಿಸ್ಕನ್ನು ಹೊಸದೆಂದು ಬಗೆದು ಅದರ ಮೇಲೆ ಹೊಸ ಪಾರ್ಟಿಷನ್ ಪಟ್ಟಿ, ಅಂದರೆ ಡಿಸ್ಕಿನ ಜಾಗ ಹೇಗೆ ಹಂಚಿದೆ ಎಂಬ ಪಟ್ಟಿ, ಬರೆಯುವುದು. ಈ ದೂರು ಹೊಸದಲ್ಲ, ಆಗಾಗ ಬರುತ್ತಲೇ ಇರುತ್ತದೆ. ಈ ಪ್ರಕರಣವನ್ನು ಬಿಡಿಸಿ ಬರೆಯಲು ಕಾರಣ ಬೇರೆ. ಇಲ್ಲಿ ಅದೇ ಸಂದೇಶ ಎರಡು ಹಂತಗಳಲ್ಲಿ, ಎರಡು ಬೇರೆ ಕಾರಣಗಳಿಗೆ ಬಂತು. ಎರಡನೆಯ ಹಂತದಲ್ಲಿ ಯಾರಾದರೂ ಓಕೆ ಒತ್ತಿದ್ದರೆ ಡಾಟಾ ಮತ್ತೆಂದೂ ಸಿಗದ ಹಾಗೆ ಹೋಗುವ ಅಪಾಯವಿತ್ತು.

ಡಿಸ್ಕಿನಲ್ಲಿ ಇದ್ದದ್ದು ಮದುವೆ ಸೀಜನ್ನಿನ ಕೆಲಸ. ಹರಿಹರದ ಒಂದು ಮದುವೆ ಮತ್ತು ಜಗಳೂರಿನ ಒಂದು ಮದುವೆಯ ಮೂಲ ಫೈಲುಗಳು ಅದೊಂದರಲ್ಲೇ ಇದ್ದವು. ಕ್ಯಾಮೆರಾದ ಕಾರ್ಡುಗಳನ್ನು ಆಗಲೇ ಅಳಿಸಿ ಮುಂದಿನ ಮದುವೆಗಳಿಗೆ ಬಳಸಿಯೂ ಆಗಿತ್ತು. ‘ಅಣ್ಣಾ, ಆಲ್ಬಂ ಇನ್ನೂ ಡಿಸೈನಿಗೆ ಕೂತಿಲ್ಲ, ಮುಹೂರ್ತದ ವಿಡಿಯೋ ಪೂರಾ ಇದರಾಗೇ ಐತೆ’ ಎಂದರು ಸ್ಟುಡಿಯೋದ ಯಜಮಾನರು. ಅವರ ಹುಡುಗ ಆಗಲೇ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಇನಿಶಿಯಲೈಸ್ ಒತ್ತಿ ನೋಡಿದ್ದ. ಐ/ಓ ಡಿವೈಸ್ ಎರರ್ ಅಂತ ಬಂದು ಕೆಲಸ ಅಲ್ಲಿಗೇ ನಿಂತಿತ್ತು. ಯಾವುದೋ ವಿಡಿಯೋ ನೋಡಿ ಡಿಸ್ಕ್‌ಪಾರ್ಟ್ ತೆರೆದು ಪಾರ್ಟಿಷನ್ ಪಟ್ಟಿಯನ್ನೇ ಅಳಿಸುವ ‘ಕ್ಲೀನ್’ ಕಮಾಂಡ್ ಕೊಡುವ ಯೋಚನೆಯಲ್ಲೂ ಇದ್ದನಂತೆ, ಅಷ್ಟರಲ್ಲಿ ಯಜಮಾನರು ತಡೆದು ತಂದರು. ಅವರು ತಡೆದದ್ದಕ್ಕೆ ನಾನು ಮನಸಾರೆ ಕೃತಜ್ಞ.

ಮೊದಲು ಕಿವಿ, ಆಮೇಲೆ ಮೀಟರ್

ಇದು 3.5 ಇಂಚಿನ ಡಿಸ್ಕ್ ಇರುವ ದೊಡ್ಡ ಪೆಟ್ಟಿಗೆ, 12 ವೋಲ್ಟಿನ ಸ್ವಂತ ಅಡಾಪ್ಟರ್ ಬೇಕು. ಯುಎಸ್‌ಬಿಯಿಂದಲೇ ಕರೆಂಟು ಎಳೆಯುವ 2.5 ಇಂಚಿನ ಸಣ್ಣ ಡಿಸ್ಕುಗಳ ಕತೆ ಬೇರೆ. ಅಲ್ಲಿ ಕೇಬಲ್ ಬದಲಿಸಿ, ಹಬ್ ತೆಗೆದು, ಕ್ಯಾಬಿನೆಟ್ಟಿನ ಹಿಂದಿನ ಪೋರ್ಟಿಗೆ ಹಾಕಿದರೆ ಅರ್ಧ ಕೇಸುಗಳು ಅಲ್ಲೇ ಮುಗಿಯುತ್ತವೆ. ಯುಎಸ್‌ಬಿ 2.0 ಪೋರ್ಟು ಕೊಡುವ ಲೆಕ್ಕ 500 ಮಿಲಿಆಂಪ್, 3.0 ಪೋರ್ಟಿನದು 900. ಡಿಸ್ಕ್ ತಿರುಗಲು ಶುರುಮಾಡುವ ಕ್ಷಣದಲ್ಲಿ ಅದೂ ಸಾಲದೆ ಹೋಗಬಹುದು.

ಪೆಟ್ಟಿಗೆಗೆ ಕರೆಂಟು ಕೊಟ್ಟು ಬೆರಳು ಇಟ್ಟು ಕೂತೆ. ತಿರುಗುವ ಸದ್ದು ಏರುತ್ತಿತ್ತು, ಇನ್ನೇನು ಹದಕ್ಕೆ ಬಂತು ಅನ್ನುವಾಗ ಇಳಿದು ಮತ್ತೆ ಮೊದಲಿನಿಂದ ಏರುತ್ತಿತ್ತು. ಬೇಸಿಗೆಯಲ್ಲಿ ವೋಲ್ಟೇಜ್ ಸಾಲದೆ ಬೋರ್‌ವೆಲ್ ಮೋಟರ್ ಎಳೆದಾಡುತ್ತದಲ್ಲ, ಅದೇ ಬಗೆ. ಟಕ್ ಟಕ್ ಎಂಬ ಹೆಡ್ಡಿನ (ಡಾಟಾ ಓದಿ ಬರೆಯುವ ತುದಿಯ) ಬಡಿತ ಇರಲಿಲ್ಲ. ಈ ಎರಡು ಸದ್ದುಗಳ ವ್ಯತ್ಯಾಸ ಗೊತ್ತಿರಲೇಬೇಕು. ಒಂದೇ ತಾಳದಲ್ಲಿ ಟಕ್ ಟಕ್ ಕೇಳಿದರೆ ಹೆಡ್ ತನ್ನ ಜಾಗ ಹುಡುಕಲಾರದೆ ಒದ್ದಾಡುತ್ತಿದೆ ಎಂದರ್ಥ. ಆಗ ಕೂಡಲೇ ಕರೆಂಟು ತೆಗೆದು, ಡಿಸ್ಕ್ ಬಿಚ್ಚಲು ಕ್ಲೀನ್ ರೂಮ್ ಇರುವ ಲ್ಯಾಬಿಗೆ ಕಳಿಸಬೇಕು. ಓಡುವ ಡಿಸ್ಕಿನಲ್ಲಿ ಹೆಡ್ಡಿಗೂ ಡಾಟಾ ಇರುವ ಪ್ಲೇಟಿಗೂ ಇರುವ ಅಂತರ ಕೆಲವೇ ನ್ಯಾನೋಮೀಟರ್. ಕೆಟ್ಟ ಹೆಡ್ಡನ್ನು ‘ಇನ್ನೊಂದ್ಸಲ ನೋಡೋಣ’ ಅಂತ ಓಡಿಸಿದಷ್ಟೂ ಪ್ಲೇಟಿನ ಮೇಲೆ ಗೀರು ಬೀಳುತ್ತದೆ. ಇಲ್ಲಿ ಆ ಲಕ್ಷಣ ಇರಲಿಲ್ಲವಾದ್ದರಿಂದ ಮುಂದುವರಿದೆ.

ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ‘ಡಿಸ್ಕ್ 1, ಅನ್‌ನೋನ್, ನಾಟ್ ಇನಿಶಿಯಲೈಸ್ಡ್’ ಎಂದಿತ್ತು, ಆದರೆ ಗಾತ್ರದ ಜಾಗ ಖಾಲಿ. ಹೆಚ್ಚಿನವರು ಕೆಂಪು ಗುರುತು ನೋಡಿ ಗಾಬರಿಯಾಗುತ್ತಾರೆ, ಗಾತ್ರದ ಕಡೆ ನೋಡುವುದಿಲ್ಲ. ನನ್ನ ಮಟ್ಟಿಗೆ ಈ ಕೇಸುಗಳಲ್ಲಿ ಮೊದಲು ನೋಡಬೇಕಾದದ್ದೇ ಅದು. ಪೆಟ್ಟಿಗೆಯೊಳಗೆ ಯುಎಸ್‌ಬಿಯನ್ನು ಸಾಟಾಕ್ಕೆ (ಡಿಸ್ಕಿನ ಸ್ವಂತ ಸಂಪರ್ಕಕ್ಕೆ) ಬದಲಿಸುವ ಒಂದು ಸಣ್ಣ ಬ್ರಿಡ್ಜ್ ಬೋರ್ಡ್ ಇರುತ್ತದೆ. ವಿಂಡೋಸ್ ಮಾತಾಡುವುದು ಅದರ ಜೊತೆ. ಬೋರ್ಡು ಬದುಕಿದ್ದು ಅದರ ಹಿಂದಿನ ಡಿಸ್ಕ್ ಉತ್ತರ ಕೊಡದಿದ್ದರೆ, ‘ಇಲ್ಲೊಂದು ಡಿಸ್ಕ್ ಇದೆ’ ಎಂಬಷ್ಟು ಮಾತ್ರ ವಿಂಡೋಸಿಗೆ ಗೊತ್ತಾಗುತ್ತದೆ, ಅದು ಎಷ್ಟು ದೊಡ್ಡದು ಎಂಬುದು ಗೊತ್ತಾಗುವುದಿಲ್ಲ. ಓದಲೇ ಆಗದ ಡಿಸ್ಕಿಗೆ ಬರೆಯಲು ಹೋದಾಗ ಬರುವುದೇ ಐ/ಓ ಎರರ್. ಹಾಗಾಗಿ ಆ ಹುಡುಗ ಒತ್ತಿದ್ದು ಡಿಸ್ಕಿಗೆ ತಲುಪಿರಲೇ ಇಲ್ಲ, ಒಂದು ಅಕ್ಷರವೂ ಬರೆದಿರಲಿಲ್ಲ.

ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ಫಲ ಇಲ್ಲ. ಅಡಾಪ್ಟರಿನ ಮೇಲೆ ಸಂಶಯ ಬಂತು. ಸ್ಟುಡಿಯೋಗಳಲ್ಲಿ ವೈಫೈ ರೌಟರಿನ 12 ವೋಲ್ಟ್ ಅಡಾಪ್ಟರ್ ಡಿಸ್ಕಿಗೆ, ಡಿಸ್ಕಿನದು ರೌಟರಿಗೆ ಹೋಗಿರುವುದು ಅಪರೂಪವಲ್ಲ. ಪಿನ್ ಒಂದೇ, ವೋಲ್ಟ್ ಒಂದೇ, ಆಂಪ್ ಮಾತ್ರ ಬೇರೆ. ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ಚುಚ್ಚಿದವರೂ ಇದ್ದಾರೆ, ಅಲ್ಲಿ ರಕ್ಷಣೆಗೆಂದು ಇಟ್ಟ ಡಯೋಡ್ ಶಾರ್ಟ್ ಆಗಿ ಡಿಸ್ಕ್ ತಿರುಗುವುದೇ ಇಲ್ಲ. ಇದರಲ್ಲಿ ಮೂಲ ಅಡಾಪ್ಟರೇ ಇತ್ತು, ಲೋಡ್ ಬಿದ್ದಾಗಲೂ 12 ವೋಲ್ಟಿನ ಹತ್ತಿರವೇ ನಿಂತಿತು.

ಯಜಮಾನರ ಒಪ್ಪಿಗೆ ಪಡೆದು ಪೆಟ್ಟಿಗೆ ಬಿಚ್ಚಿದೆ. ವಾರಂಟಿ ಮುಗಿದಿತ್ತು, ಇಲ್ಲದಿದ್ದರೆ ಆ ಮಾತನ್ನೂ ಮೊದಲೇ ಆಡಬೇಕು. ಸಾಟಾ ಪವರ್ ಕನೆಕ್ಟರಿನ 15 ಪಿನ್ನುಗಳಲ್ಲಿ 7ರಿಂದ 9 ಐದು ವೋಲ್ಟಿನವು, 13ರಿಂದ 15 ಹನ್ನೆರಡು ವೋಲ್ಟಿನವು. ಹನ್ನೆರಡು ಸರಿ ಇತ್ತು. ಐದರ ಮೇಲೆ ಮೀಟರಿನ ಕಡ್ಡಿ ಇಟ್ಟು, ಅತಿ ಕಡಿಮೆ ಮೌಲ್ಯವನ್ನು ಹಿಡಿದಿಡುವ ಮೋಡಿನಲ್ಲಿ ಡಿಸ್ಕ್ ಶುರುಮಾಡಿದಾಗ 4 ವೋಲ್ಟಿಗಿಂತ ಕೆಳಗೆ ಜಾರಿದ್ದು ಕಾಣಿಸಿತು. ಐದು ವೋಲ್ಟಿನ ಲೈನಿಗೆ ಶೇ. 5ರಷ್ಟು ಏರಿಳಿತ ಮಾತ್ರ ಸಲ್ಲುತ್ತದೆ, ಅಂದರೆ 4.75ಕ್ಕಿಂತ ಕೆಳಗೆ ಹೋಗಬಾರದು. 12 ವೋಲ್ಟನ್ನು ಐದಕ್ಕೆ ಇಳಿಸುವ ಐಸಿ ಇರುವುದು ಬ್ರಿಡ್ಜ್ ಬೋರ್ಡಿನ ಮೇಲೇ. ಮೋಟರಿಗೆ ಬೇಕಾದ 12 ವೋಲ್ಟ್ ಸಿಗುತ್ತಿತ್ತು, ಡಿಸ್ಕಿನ ಎಲೆಕ್ಟ್ರಾನಿಕ್ಸಿಗೆ ಬೇಕಾದ 5 ವೋಲ್ಟ್ ಕುಸಿದು, ಅದು ರೀಸೆಟ್ ಆಗಿ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಮೊದಲ ‘ನಾಟ್ ಇನಿಶಿಯಲೈಸ್ಡ್’ನ ಕಾರಣ ಇಷ್ಟು.

ಸುಲಭದ ದಾರಿ ಎಲ್ಲಿಗೆ ಒಯ್ಯುತ್ತಿತ್ತು

ಇಲ್ಲಿಗೆ ಬಂದವರು ಸಾಮಾನ್ಯವಾಗಿ ಮಾಡುವ ಕೆಲಸ: ಬೋರ್ಡ್ ಕಿತ್ತಿಟ್ಟು, ಡಿಸ್ಕನ್ನು ನೇರವಾಗಿ ಡೆಸ್ಕ್‌ಟಾಪಿನ ಸಾಟಾ ಕೇಬಲ್ಲಿಗೆ ಹಾಕುವುದು. ನಾನೂ ನೇರವಾಗಿಯೇ ಹಾಕಿದೆ, ಆದರೆ ಲಿನಕ್ಸ್ ಇರುವ ಮಷಿನ್ನಿಗೆ. ವಿಂಡೋಸಿನಲ್ಲಾದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದ ಕೂಡಲೇ ಇನಿಶಿಯಲೈಸ್ ಕಿಟಕಿ ತಾನಾಗಿ ಎದುರಿಗೆ ಬರುತ್ತದೆ. ಬೇರೆಯವರ ಮದುವೆ ಇರುವ ಡಿಸ್ಕಿನ ಮೇಲೆ ಆ ಕಿಟಕಿ ತೆರೆಯುವುದು ನನಗೆ ಇಷ್ಟವಿಲ್ಲ.

ಆ ಮಷಿನ್ನಿನ ಎಸ್‌ಎಂಪಿಎಸ್ (ಒಳಗಿನ ಪವರ್ ಸಪ್ಲೈ) ಕರೆಂಟಿನಲ್ಲಿ ಡಿಸ್ಕ್ ಒಂದೇ ಏಟಿಗೆ ಸಲೀಸಾಗಿ ತಿರುಗಿತು. ಗಾತ್ರ ಪೂರ್ತಿ ಕಾಣಿಸಿತು: 7,814,037,168 ಸೆಕ್ಟರುಗಳು, ಅಂದರೆ ಡಾಟಾ ಇಡುವ ಸಣ್ಣ ತುಂಡುಗಳು, ಒಂದೊಂದು 512 ಬೈಟಿನದು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ವರದಿ ಓದಿದೆ. 05 ಅಂದರೆ ಬದಲಿ ಜಾಗಕ್ಕೆ ಹೋದ ಸೆಕ್ಟರುಗಳು, ಸೊನ್ನೆ. ಸಿ5, ಓದಲು ಕಷ್ಟವಾಗಿ ಬಾಕಿ ಉಳಿದ ಸೆಕ್ಟರುಗಳು, ಸೊನ್ನೆ. ಸಿ6, ಓದಲೇ ಆಗದ ಸೆಕ್ಟರುಗಳು, ಅದೂ ಸೊನ್ನೆ. ಸಿ0 ಮಾತ್ರ, ಅಂದರೆ ಕರೆಂಟು ತಟ್ಟನೆ ಹೋಗಿ ಹೆಡ್ಡನ್ನು ಹಿಂದಕ್ಕೆಳೆದುಕೊಂಡ ಲೆಕ್ಕ, ಡಿಸ್ಕಿನ ವಯಸ್ಸಿಗೆ ಹೋಲಿಸಿದರೆ ಬಹಳ ಹೆಚ್ಚಿತ್ತು. ಐದು ವೋಲ್ಟ್ ಬಹು ದಿನಗಳಿಂದ ಎಳೆದಾಡುತ್ತಿತ್ತು ಎನ್ನುವುದಕ್ಕೆ ಇದೊಂದು ಸಾಕ್ಷಿ.

ಡಿಸ್ಕ್ ಆರೋಗ್ಯವಾಗಿದೆ. ಆದರೂ ಪಾರ್ಟಿಷನ್ ಒಂದೂ ಕಾಣಲಿಲ್ಲ.

ಈ ಹಂತದಲ್ಲಿ ತನಿಖೆ ಮುಂದುವರಿಸುವ ಮೊದಲು ಪೂರ್ತಿ ನಕಲು ತೆಗೆಯಬೇಕು. ಅಷ್ಟೇ ಸೆಕ್ಟರುಗಳಿರುವ ಹೊಸ 4 ಟಿಬಿ ಡಿಸ್ಕೊಂದನ್ನು ಯಜಮಾನರಿಂದ ತರಿಸಿ, ಡಿಡಿರೆಸ್ಕ್ಯೂ ಎಂಬ ನಕಲು ತೆಗೆಯುವ ತಂತ್ರಾಂಶ ಹಾಕಿ ಸೆಕ್ಟರಿನಿಂದ ಸೆಕ್ಟರಿಗೆ ಇಳಿಸಿದೆ. ಇದು ಫೈಲು ನೋಡುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಎತ್ತುತ್ತದೆ. ಎಲ್ಲಿವರೆಗೆ ಬಂತು ಎಂಬುದನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುವುದರಿಂದ ನಡುವೆ ಕರೆಂಟು ಹೋದರೂ ಬಿಟ್ಟಲ್ಲಿಂದ ಹಿಡಿಯುತ್ತದೆ, ನಮ್ಮ ಕಡೆಗೆ ಇದು ದೊಡ್ಡ ಅನುಕೂಲ. ಸೆಕೆಂಡಿಗೆ 150 ಎಂಬಿ ಓಡಿದರೂ 4 ಟಿಬಿಗೆ ಏಳು ಗಂಟೆ ದಾಟುತ್ತದೆ, ಪ್ಲೇಟಿನ ಒಳಸುತ್ತಿಗೆ ಹೋದಂತೆ ವೇಗ ಇಳಿಯುವುದರಿಂದ ಅದಕ್ಕಿಂತ ಹೆಚ್ಚೇ ಹಿಡಿಯಿತು. ಒಂದು ಎರರೂ ಬರಲಿಲ್ಲ. ಮೂಲ ಡಿಸ್ಕನ್ನು ಕವರಿಗೆ ಹಾಕಿ ಬೀರುವಿನಲ್ಲಿಟ್ಟೆ. ಇಲ್ಲಿಂದ ಮುಂದಿನ ಪರೀಕ್ಷೆಯೆಲ್ಲ ನಕಲಿನ ಮೇಲೆ.

ನಕಲನ್ನು ವಿಂಡೋಸ್ ಮಷಿನ್ನಿಗೆ ಹಾಕಿದೆ. ನಿರೀಕ್ಷೆಯಂತೆ ಕಿಟಕಿ ಬಂತು, ಕ್ಯಾನ್ಸಲ್ ಒತ್ತಿದೆ. ‘ನಾಟ್ ಇನಿಶಿಯಲೈಸ್ಡ್’, ಈ ಸಲ ಪಕ್ಕದಲ್ಲೇ 3726.02 ಜಿಬಿ ಎಂದು ಗಾತ್ರವೂ ಇದೆ. ಮಾತು ಅದೇ ಇದ್ದರೂ ಅರ್ಥ ಪೂರ್ತಿ ಬೇರೆ: ಈಗ ವಿಂಡೋಸ್ ಡಿಸ್ಕನ್ನು ಚೆನ್ನಾಗಿ ಓದುತ್ತಿದೆ, ಓದಿದ್ದು ಅದಕ್ಕೆ ಅರ್ಥವಾಗುತ್ತಿಲ್ಲ.

ಮೊದಲ ಸೆಕ್ಟರುಗಳಲ್ಲಿ ಕಂಡದ್ದು

ಡಿಸ್ಕಿನ ಬೈಟುಗಳನ್ನು ಇದ್ದ ಹಾಗೆ ತೋರಿಸುವ ಎಚ್‌ಎಕ್ಸ್‌ಡಿ ತಂತ್ರಾಂಶದಲ್ಲಿ ನಕಲನ್ನು ಓದಲು ಮಾತ್ರ ಎಂಬ ಆಯ್ಕೆಯಲ್ಲಿ ತೆರೆದೆ. ಸರಿಯಾಗಿರುವ ಡಿಸ್ಕಿನಲ್ಲಿ ಸೆಕ್ಟರ್ 0ರ ಕೊನೆಯ ಎರಡು ಬೈಟುಗಳು 55 ಎಎ ಇರಬೇಕು. ಪಾರ್ಟಿಷನ್ ಪಟ್ಟಿ ಬರೆಯುವ ಹಳೆಯ ಎಂಬಿಆರ್ ಪದ್ಧತಿ, 512 ಬೈಟಿನ ಸೆಕ್ಟರುಗಳಿದ್ದಾಗ, 2 ಟಿಬಿಗಿಂತ ಆಚೆಗಿನ ಜಾಗವನ್ನು ಲೆಕ್ಕ ಹಿಡಿಯಲಾರದು. ಆದ್ದರಿಂದ ಈ 4 ಟಿಬಿ ಡಿಸ್ಕಿನಲ್ಲಿ ಹೊಸ ಪದ್ಧತಿಯ ಪಟ್ಟಿಯಾದ ಜಿಪಿಟಿ ಇದ್ದಿರಬೇಕು. ಅಂದರೆ ಸೆಕ್ಟರ್ 1ರ ಶುರುವಿನಲ್ಲಿ 45 46 49 20 50 41 52 54 ಎಂಬ ಎಂಟು ಬೈಟುಗಳ ಗುರುತು ಕಾಣಬೇಕು. ಎರಡೂ ಇರಲಿಲ್ಲ. ಕೆಲವು ಪೆಟ್ಟಿಗೆಗಳು 512 ಬೈಟಿನ ಸೆಕ್ಟರನ್ನು 4096 ಬೈಟಿನದೆಂದು ತೋರಿಸುತ್ತವೆ. ಹಾಗಿದ್ದರೆ ಗುರುತು 512ನೇ ಬೈಟಿನ ಬದಲು 4096ನೇ ಬೈಟಿನಲ್ಲಿ ಸಿಗುತ್ತದೆ. ಅಲ್ಲೂ ನೋಡಿದೆ, ಇರಲಿಲ್ಲ. ವಿಂಡೋಸಿನದೇ ಬೀಗವಾದ ಬಿಟ್‌ಲಾಕರ್ ಹಾಕಿದ್ದರೇ? ಬಿಟ್‌ಲಾಕರ್ ಪಾರ್ಟಿಷನ್ನಿನ ಒಳಗನ್ನು ಮುಚ್ಚುತ್ತದೆ, ಪಾರ್ಟಿಷನ್ ಪಟ್ಟಿಯನ್ನು ಮುಟ್ಟುವುದಿಲ್ಲ, ಹಾಗಾಗಿ ಅದೂ ಅಲ್ಲ. ಅಳಿಸಿದ ಡಿಸ್ಕಾಗಿದ್ದರೆ ಬರೀ ಸೊನ್ನೆಗಳು ಇರಬೇಕಿತ್ತು.

ಇದ್ದದ್ದು ಅರ್ಥವಾಗದ ಬೈಟುಗಳು. ಆದರೆ ಸೆಕ್ಟರ್ 1ನ್ನು ನಿಧಾನಕ್ಕೆ ನೋಡಿದಾಗ ಒಂದು ಕ್ರಮ ಕಾಣಿಸಿತು. ಈ ತಂತ್ರಾಂಶ ಒಂದು ಸಾಲಿಗೆ 16 ಬೈಟು ತೋರಿಸುತ್ತದೆ, ಒಂದು ಸೆಕ್ಟರಿಗೆ 32 ಸಾಲು. ಮೊದಲ ಆರು ಸಾಲು ಒಂದಕ್ಕೊಂದು ಸಂಬಂಧವಿಲ್ಲದಂತೆ ಇದ್ದವು. ಏಳನೆಯ ಸಾಲಿನಿಂದ ಕೊನೆಯವರೆಗೆ 26 ಸಾಲುಗಳೂ ಅಕ್ಷರಶಃ ಒಂದೇ. ಕೆಳಗೆ ಹೋದೆ. ಸೆಕ್ಟರ್ 3ರಿಂದ 33ರವರೆಗೂ ಅದೇ ಸಾಲು, ಮತ್ತೆ ಮತ್ತೆ ಅದೇ ಸಾಲು.

ಜಿಪಿಟಿಯ ಹೆಡರ್ (ತಲೆಭಾಗ) ಸರಿಯಾಗಿ 92 ಬೈಟಿನದು. 16ರ ಲೆಕ್ಕದಲ್ಲಿ ಅದು ಆರನೆಯ ಸಾಲಿನಲ್ಲಿ ಮುಗಿಯುತ್ತದೆ, ಉಳಿದ ಜಾಗವೆಲ್ಲ ಸೊನ್ನೆ. ಸೆಕ್ಟರ್ 2ರಿಂದ 33ರವರೆಗೆ 128 ಪಾರ್ಟಿಷನ್ನುಗಳಿಗೆ ಜಾಗ ಇಟ್ಟಿರುತ್ತದೆ. ಒಂದೆರಡು ಪಾರ್ಟಿಷನ್ ಇರುವ ಡಿಸ್ಕಿನಲ್ಲಿ ಅವು ಸೆಕ್ಟರ್ 2ರಲ್ಲೇ ಮುಗಿದು, 3ರಿಂದ ಮುಂದೆ ಸೊನ್ನೆಗಳೇ. ಅಂದರೆ ನಾನು ನೋಡುತ್ತಿದ್ದದ್ದು ಗೂಢಲಿಪಿಯ (ಎನ್‌ಕ್ರಿಪ್ಷನ್) ಹೊದಿಕೆಯ ಕೆಳಗಿದ್ದ, ಯಾವ ಊನವೂ ಇಲ್ಲದ ಜಿಪಿಟಿ. ಎಇಎಸ್ ಗೂಢಲಿಪಿ ಡಾಟಾವನ್ನು 16 ಬೈಟಿನ ತುಂಡುಗಳಾಗಿ ತೆಗೆದುಕೊಳ್ಳುತ್ತದೆ. ಪ್ರತಿ ತುಂಡನ್ನೂ ಬಿಡಿಬಿಡಿಯಾಗಿ ಮುಚ್ಚುವ ವಿಧಾನ ಬಳಸಿದರೆ, ಹದಿನಾರು ಸೊನ್ನೆಗಳಿಗೆ ಯಾವಾಗಲೂ ಒಂದೇ ಫಲ ಬರುತ್ತದೆ. ಸೆಕ್ಟರಿನ ಸಂಖ್ಯೆಯನ್ನೂ ಸೇರಿಸಿ ಮುಚ್ಚುವ ಪೆಟ್ಟಿಗೆಗಳಲ್ಲಿ ಈ ಸುಳಿವು ಸಿಗುವುದಿಲ್ಲ. ಇದರಲ್ಲಿ ಸಿಕ್ಕಿತು. ಆ 26 ಸಾಲು ನೋಡಿದಾಗ ಆದ ಸಂತೋಷವನ್ನು ಈ ಕೆಲಸ ಮಾಡುವವರು ಅರ್ಥಮಾಡಿಕೊಂಡಾರು.

ಯಜಮಾನರನ್ನು ಕೇಳಿದೆ: ‘ಪಾಸ್‌ವರ್ಡ್ ಏನಾದ್ರೂ ಹಾಕಿದ್ರಾ?’ ‘ಇಲ್ಲ ಅಣ್ಣಾ, ತಂದಾಗಿಂದ ಹಂಗೇ ಬಳಸ್ತಿದೀವಿ.’ ಅವರ ಮಾತು ನಿಜವೇ. ಈ ಬಗೆಯ ಪೆಟ್ಟಿಗೆಗಳಲ್ಲಿ ಪಾಸ್‌ವರ್ಡ್ ಹಾಕದಿದ್ದರೂ ಬ್ರಿಡ್ಜ್ ಬೋರ್ಡ್ ಮೊದಲ ದಿನದಿಂದಲೇ ಎಲ್ಲವನ್ನೂ ಗೂಢಲಿಪಿ ಮಾಡಿಯೇ ಬರೆಯುತ್ತದೆ. ಬಳಸುವವರಿಗೆ ಅದು ಗೊತ್ತೇ ಆಗುವುದಿಲ್ಲ, ಏಕೆಂದರೆ ಓದುವಾಗ ಅದೇ ಬೋರ್ಡ್ ಬಿಡಿಸಿ ಕೊಡುತ್ತದೆ. ಬೋರ್ಡ್ ಬಿಟ್ಟು ಡಿಸ್ಕನ್ನು ಹೊರಗೆ ತಂದ ದಿನ ಮಾತ್ರ ಗೊತ್ತಾಗುತ್ತದೆ.

ನೇರವಾಗಿ ಹಾಕಿದ ಡಿಸ್ಕಿನ ಮೇಲೆ ಓಕೆ ಒತ್ತಿದ್ದರೆ ಏನಾಗುತ್ತಿತ್ತು ಎಂಬುದನ್ನು ಬಿಡಿಸಿ ಹೇಳಲೇಬೇಕು. ಜಿಪಿಟಿ ಆರಿಸಿ ಇನಿಶಿಯಲೈಸ್ ಮಾಡಿದಾಗ ವಿಂಡೋಸ್ ಡಿಸ್ಕಿನ ಮೊದಲ 34 ಸೆಕ್ಟರುಗಳಲ್ಲಿ ಹೊಸ ಪಟ್ಟಿ ಬರೆಯುತ್ತದೆ, ಅದರ ಪ್ರತಿಯನ್ನು ಕೊನೆಯ 33 ಸೆಕ್ಟರುಗಳಲ್ಲಿ ಬರೆಯುತ್ತದೆ. ಮಾಮೂಲಿ ಡಿಸ್ಕಿನಲ್ಲಿ ಇದು ಹಳೆಯ ಪಾರ್ಟಿಷನ್ ಪಟ್ಟಿಯನ್ನು ಮಾತ್ರ ಅಳಿಸುತ್ತದೆ, ಒಳಗಿನ ಫೈಲುಗಳು ಹಾಗೇ ಇರುತ್ತವೆ, ಟೆಸ್ಟ್‌ಡಿಸ್ಕಿನಂಥ ತಂತ್ರಾಂಶದಿಂದ ಬಹುಪಾಲು ಹಿಂದಕ್ಕೆ ತರಬಹುದು. ಇಂಥ ಪೆಟ್ಟಿಗೆಯ ಡಿಸ್ಕಿನಲ್ಲಿ ಲೆಕ್ಕ ಬೇರೆ. ಹಲವು ಮಾದರಿಗಳು ಡಿಸ್ಕಿನ ಕೊನೆಯ ಸ್ವಲ್ಪ ಭಾಗವನ್ನು ಕಂಪ್ಯೂಟರಿಗೆ ತೋರಿಸದೆ ತಮಗಾಗಿ ಉಳಿಸಿಕೊಂಡು, ಗೂಢಲಿಪಿಯ ಕೀಲಿಯ ಮಾಹಿತಿಯನ್ನು ಅಲ್ಲೇ ಇಡುತ್ತವೆ. ನೇರವಾಗಿ ಹಾಕಿದಾಗ ವಿಂಡೋಸಿಗೆ ಆ ಭಾಗವೂ ಕಾಣುತ್ತದೆ, ಪ್ರತಿ ಬರೆಯಲು ಹೋಗುವುದು ಅಲ್ಲಿಗೇ. ಕೀಲಿ ಇರುವ ಜಾಗದ ಮೇಲೆ ಬರೆದರೆ ಟೆಸ್ಟ್‌ಡಿಸ್ಕೂ ಏನೂ ಮಾಡಲಾರದು, ಬೆಂಗಳೂರಿನ ದೊಡ್ಡ ಲ್ಯಾಬೂ ಏನೂ ಮಾಡಲಾರದು.

ಬೋರ್ಡಿನ ದುರಸ್ತಿ

ಎರಡು ದಾರಿಗಳಿದ್ದವು. ಅದೇ ಮಾದರಿಯ, ಅದೇ ಚಿಪ್ಪಿನ ಇನ್ನೊಂದು ಪೆಟ್ಟಿಗೆ ಹುಡುಕುವುದು ಒಂದು. ಹೊರಗಿನಿಂದ ಒಂದೇ ಥರ ಕಾಣುವ ಪೆಟ್ಟಿಗೆಗಳ ಒಳಗೆ ವರ್ಷದಿಂದ ವರ್ಷಕ್ಕೆ ಚಿಪ್ ಬದಲಾಗಿರುತ್ತದೆ, ಆದ್ದರಿಂದ ಇದು ನಂಬುವ ದಾರಿಯಲ್ಲ. ಇದ್ದ ಬೋರ್ಡನ್ನೇ ಸರಿಮಾಡುವುದು ಎರಡನೆಯದು. ಬ್ರಿಡ್ಜ್ ಚಿಪ್ ಬದುಕಿದೆ ಎಂಬುದು ಮೊದಲ ದಿನವೇ ಗೊತ್ತಾಗಿತ್ತು, ಅದಿಲ್ಲದಿದ್ದರೆ ವಿಂಡೋಸಿನಲ್ಲಿ ‘ಡಿಸ್ಕ್ 1’ ಎಂಬ ಸಾಲೇ ಬರುತ್ತಿರಲಿಲ್ಲ. ಕೆಟ್ಟಿದ್ದು ಐದು ವೋಲ್ಟಿನ ಭಾಗ ಮಾತ್ರ.

ಲ್ಯಾಪ್‌ಟಾಪಿನ ಚಿಪ್ ಲೆವೆಲ್ ಕೆಲಸ ಮಾಡುವ ಊರಿನ ಗೆಳೆಯರೊಬ್ಬರು ಹಾಟ್ ಏರ್ ಹಿಡಿದು ಆ ಐಸಿಯನ್ನೂ ಅದರ ಪಕ್ಕದ ಕೆಪಾಸಿಟರನ್ನೂ ಬದಲಿಸಿಕೊಟ್ಟರು. ನಾನು ಅವರಿಗೆ ಹೇಳಿದ್ದು ಒಂದೇ ಮಾತು: ‘ಬ್ರಿಡ್ಜ್ ಚಿಪ್ಪಿಗೂ ಅದರ ಹತ್ತಿರದ ಎಂಟು ಕಾಲಿನ ಮೆಮೊರಿಗೂ ಬಿಸಿ ತಾಗಬಾರದು, ಅಣ್ಣ.’ ಅವರು ಅಂಟುಪಟ್ಟಿ ಹಚ್ಚಿ ಆ ಭಾಗವನ್ನು ಮುಚ್ಚಿಯೇ ಕೆಲಸ ಮಾಡಿದರು. ಇಂಥ ಕೈ ಇರುವವರು ನಮ್ಮ ಊರಲ್ಲೇ ಇದ್ದಾರೆ. ಜನ ಮಾತ್ರ ದೊಡ್ಡ ಊರಿಗೆ ಕೊರಿಯರ್ ಮಾಡಿ, ಹತ್ತಾರು ಸಾವಿರದ ಕೊಟೇಷನ್ ತರಿಸಿಕೊಂಡು ಕೈಚೆಲ್ಲಿ ಕೂರುತ್ತಾರೆ.

ದುರಸ್ತಿಯಾದ ಬೋರ್ಡಿಗೆ ಮೊದಲು ಹಾಕಿದ್ದು ಏನೂ ಇಲ್ಲದ ಹಳೆಯ ಗುಜರಿ ಡಿಸ್ಕ್. ಹೊಸ ಡಿಸ್ಕ್ ಕಂಡರೆ ಈ ಬೋರ್ಡುಗಳು ಅದರ ಮೇಲೆ ತಮ್ಮ ಮಾಹಿತಿ ಬರೆಯಬಹುದು, ಆದ್ದರಿಂದ ಕಳೆದುಕೊಳ್ಳಲು ಏನೂ ಇಲ್ಲದ ಡಿಸ್ಕೇ ಬೇಕು. ಐದು ವೋಲ್ಟ್ ಅಲುಗಲಿಲ್ಲ. ಆಮೇಲೆ ನಕಲನ್ನು ಹಾಕಿದೆ. ಯುಎಸ್‌ಬಿ ಚುಚ್ಚಿ ಸ್ವಲ್ಪ ಹೊತ್ತಿಗೆ ಡ್ರೈವ್ ಅಕ್ಷರದ ಜೊತೆ ಫೋಲ್ಡರುಗಳು ಬಂದವು. ಇನಿಶಿಯಲೈಸ್ ಕಿಟಕಿ ಬರಲಿಲ್ಲ. ಪೆಟ್ಟಿಗೆ ತೋರಿಸಿದ ಒಟ್ಟು ಸೆಕ್ಟರುಗಳ ಲೆಕ್ಕ ಡಿಸ್ಕಿನ ನಿಜವಾದ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಇತ್ತು, ಆ ವ್ಯತ್ಯಾಸವೇ ಅದು ಬಚ್ಚಿಟ್ಟುಕೊಂಡ ಬಾಲ.

ಯಜಮಾನರು ಎದುರಿಗೇ ಇದ್ದರು. ಫೋಲ್ಡರಿನ ಹೆಸರು ಕಂಡರೆ ಸಾಲದು, ಫೈಲು ತೆರೆಯಬೇಕು. ಜಗಳೂರಿನ ಮದುವೆಯ ಅತಿ ದೊಡ್ಡ ವಿಡಿಯೋ ಫೈಲನ್ನು ಶುರು, ನಡು, ಕೊನೆಗಳಲ್ಲಿ ಓಡಿಸಿ ನೋಡಿದೆವು. ಧಾರೆಯ ಹೊತ್ತಿನ ಗಟ್ಟಿಮೇಳ ಸ್ಪಷ್ಟವಾಗಿ ಕೇಳಿತು. ಫೋಟೋಗಳನ್ನು ಅವರ ಎಡಿಟಿಂಗ್ ತಂತ್ರಾಂಶಕ್ಕೆ ಕೊಟ್ಟು ಎಲ್ಲದರ ಪ್ರಿವ್ಯೂ ಕಟ್ಟಿಸಿದೆವು, ಒಂದೂ ಹರಿದು ಬರಲಿಲ್ಲ. ಎಲ್ಲವನ್ನೂ ಗೂಢಲಿಪಿ ಇಲ್ಲದ ಎರಡು ಬೇರೆ ಡಿಸ್ಕುಗಳಿಗೆ ಕಾಪಿ ಮಾಡಿ, ಚೆಕ್‌ಸಮ್ (ಫೈಲಿನ ಬೈಟುಗಳಿಂದ ಲೆಕ್ಕ ಹಾಕಿದ ಗುರುತು) ತಾಳೆ ನೋಡಿ ಕೊಟ್ಟೆ.

ಸ್ಟುಡಿಯೋದಲ್ಲಿ ಈಗ ಅಂಥ ಪೆಟ್ಟಿಗೆ ಬಳಸುವುದಿಲ್ಲ. ಮಾಮೂಲಿ ಸಾಟಾ ಡಿಸ್ಕುಗಳನ್ನು ಗೂಢಲಿಪಿ ಮಾಡದ ಡಾಕಿನಲ್ಲಿ (ಡಿಸ್ಕ್ ಕೂರಿಸುವ ಸ್ಟ್ಯಾಂಡಿನಲ್ಲಿ) ಹಾಕುತ್ತಾರೆ, ಡಾಕ್ ಕೆಟ್ಟರೆ ಡಿಸ್ಕ್ ಯಾವ ಕಂಪ್ಯೂಟರಿನಲ್ಲಾದರೂ ತೆರೆಯುತ್ತದೆ. ಆಲ್ಬಂ ಕೊಟ್ಟು ಬಾಕಿ ಹಣ ಬರುವವರೆಗೆ ಪ್ರತಿ ಮದುವೆ ಎರಡು ಡಿಸ್ಕುಗಳಲ್ಲಿ ಇರುತ್ತದೆ, ಒಂದು ಸ್ಟುಡಿಯೋದಲ್ಲಿ, ಇನ್ನೊಂದು ಮನೆಯಲ್ಲಿ. ಎರಡನೆಯ ಕಾಪಿ ತೆರೆದು ನೋಡುವವರೆಗೆ ಕ್ಯಾಮೆರಾ ಕಾರ್ಡ್ ಅಳಿಸುವಂತಿಲ್ಲ. ಮೂಲ ಡಿಸ್ಕಿಗೂ ಅದರ ಬೋರ್ಡಿಗೂ ಒಂದೇ ಲೇಬಲ್ ಅಂಟಿಸಿ, ಒಂದೇ ಕವರಿನಲ್ಲಿ ಕಟ್ಟಿ ಯಜಮಾನರ ಕೈಗೆ ಕೊಟ್ಟಿದ್ದೇನೆ. ಎರಡೂ ಮದುವೆಯ ಆಲ್ಬಂ ಮನೆಗಳಿಗೆ ತಲುಪುವವರೆಗೆ ಅವನ್ನು ಬೇರೆ ಮಾಡಬೇಡಿ ಎಂದು ಲೇಬಲ್ಲಿನ ಮೇಲೇ ಬರೆದಿದೆ.